ಸೇಸಪ್ಪನ ಸರಪಳಿ

ದುಬೈನ ರಾಸ್ ಅಲ್ ಖೋರ್‌ನಲ್ಲಿ ಹಗ್ಗ, ಸರಪಳಿ, ಟಾರ್ಪಾಲು ಮಾರುವ ಅಂಗಡಿ ಸೇಸಪ್ಪನದು. ಅವನ ಹುಟ್ಟೂರು ಕಾಪುವಿನ ಹತ್ತಿರ. ಇಡೀ ದುಬೈ ಮೀಟರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಆ ಕಾಲದಲ್ಲೂ ಅವನು ಮನಸ್ಸಿನೊಳಗೆ ಗಜದಲ್ಲಿ ಅಳೆದು, ಬಾಯಲ್ಲಿ ಮೀಟರು ಹೇಳುತ್ತಿದ್ದ. ಆದ್ದರಿಂದ ಪ್ಯಾಟ್ರಿಶಿಯಾ ಟೀಚರ್ ಒಂದು ದಿನ ಅಂಗಡಿಗೆ ಬಂದು, "ಸೇಸಪ್ಪಣ್ಣ, ಹತ್ತು ಗಜ ಸರಪಳಿ ಬೇಕಿತ್ತು, ಎರಡು ತುದಿಗೂ ಕೋಲು ಕಟ್ಟಿ ಕೊಡಿ" ಎಂದಾಗ ಕಳೆದುಹೋದ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಪ್ಯಾಟ್ರಿಶಿಯಾ ಮಂಗಳೂರಿನವಳು, ಶಾಲೆಯೊಂದರಲ್ಲಿ ಆಟದ ಟೀಚರ್. ಶುಕ್ರವಾರಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗರಿಗೆ ಅವಳೇ ರೆಫರಿ. ಸೇಸಪ್ಪನ ಮಗ ರೋಷನ್ ದುಬೈ ತಂಡದಲ್ಲಿ ಆಡುತ್ತಿದ್ದ.

"ಇದೆಂತ ಫುಟ್‌ಬಾಲ್ ಮಾರಾಯ್ರೆ? ಕಾಲಿಗಿಂತ ಕೈಗೇ ಕೆಲಸ ಜಾಸ್ತಿ," ಎಂದ ಸೇಸಪ್ಪ.

"ಚೆಂಡು ಹಿಡಿದವರಿಗೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಅದಕ್ಕೆ ಫಸ್ಟ್ ಡೌನ್ ಅಂತಾರೆ. ಹೋಗದಿದ್ದರೆ ಚೆಂಡು ಎದುರಿನವರಿಗೆ. ಹೋಯಿತೋ ಇಲ್ಲವೋ ಅಂತ ಅನುಮಾನ ಬಂದಾಗ ಅಳೆಯಲಿಕ್ಕೆ ಈ ಸರಪಳಿ."

"ಅಮೆರಿಕದವರು ಗಜ ಬಿಟ್ಟಿಲ್ಲ ನೋಡಿ! ಮರ್ಯಾದಸ್ಥರು," ಎಂದು ಸೇಸಪ್ಪ ಆ ದೇಶದ ಬಗ್ಗೆ ತನ್ನ ತೀರ್ಪು ಕೊಟ್ಟ. ಸರಪಳಿ ಕತ್ತರಿಸಿ, ಕೋಲು ಬಿಗಿದು ಕೊಟ್ಟದ್ದಲ್ಲದೆ, ಅದನ್ನು ಹಿಡಿಯುವ ಕೆಲಸವನ್ನೂ ತಾನೇ ವಹಿಸಿಕೊಂಡ. ಹಿಂದಿನ ಕೋಲು ಹಿಡಿಯಲು ಪಕ್ಕದ ಟಯರ್ ಅಂಗಡಿಯ ಅಬ್ದುಲ್ ರವೂಫ್‌ನನ್ನು ಎಳೆದುಕೊಂಡು ಹೋದ. ರವೂಫ್ ಉಳ್ಳಾಲದವನು, ಶುಕ್ರವಾರ ನಮಾಜು, ಊಟ, ನಿದ್ದೆ ಬಿಟ್ಟರೆ ಬೇರೇನನ್ನೂ ಇಷ್ಟಪಡದವನು.

ಅಂದಿನಿಂದ ಪ್ಯಾಟ್ರಿಶಿಯಾಗೆ ಹೊಸ ತಲೆನೋವು. ಚೆಂಡು ಎಲ್ಲಿ ಬಿದ್ದರೂ ಸರಿ, ಸೇಸಪ್ಪ ಕೋಲು ಕಿತ್ತುಕೊಂಡು ಮೈದಾನದೊಳಗೆ ಓಡಿ ಬರುವನು. ಹಿಂದಿನಿಂದ ಸರಪಳಿ ಎಳೆದಂತೆ ರವೂಫನೂ ಬರಬೇಕಾಗುತ್ತಿತ್ತು.

"ಕರೆದೆನಾ ನಾನು ನಿಮ್ಮನ್ನು? ಅವರು ಅರ್ಧ ದಾರಿಗೂ ಬಂದಿಲ್ಲ, ಕುರುಡರಿಗೂ ಕಾಣ್ತದೆ. ಹೋಗಿ ಆಚೆ!"

"ಅಳೆದು ಬಿಟ್ಟರೆ ಮನಸ್ಸಿಗೆ ಸಮಾಧಾನ ಅಲ್ವಾ ಟೀಚರೇ?"

"ಸಮಾಧಾನಕ್ಕೆ ಅಳೆಯೋದಲ್ಲ, ಅನುಮಾನಕ್ಕೆ ಅಳೆಯೋದು. ಇನ್ನೊಂದು ವಿಷಯ ಕೇಳಿ, ಮೈದಾನದಲ್ಲಿ ಐದೈದು ಗಜಕ್ಕೊಂದು ಗೆರೆ ಉಂಟು. ಆಟ ಸರಿಯಾಗಿ ಒಂದು ಗೆರೆಯ ಮೇಲಿಂದ ಶುರುವಾಗಿದ್ದರೆ ಸರಪಳಿಯೇ ಬೇಡ. ಹತ್ತು ಗಜದಾಚೆಯ ಗೆರೆ ನೋಡಿದರೆ ಸಾಕು. ಇನ್ನೊಮ್ಮೆ ಕರೆಯದೆ ಬಂದರೆ ಕೋಲು ಬೇರೆಯವರ ಕೈಗೆ ಹೋಗ್ತದೆ."

ಗೆರೆ ನೋಡಿ ಅಂದರೆ ಎಲ್ಲಿಂದ ನೋಡುವುದು? ಅವರು ಆಡುತ್ತಿದ್ದದ್ದು ಮರಳು ಮೈದಾನದಲ್ಲಿ. ಬೆಳಿಗ್ಗೆ ಎಳೆದ ಸುಣ್ಣ ಗಾಳಿಗೆ ಹಾರಿ, ಆಟ ಮುಗಿಯುವಷ್ಟರಲ್ಲಿ ಹುಡುಗರ ಮೊಣಕಾಲಿನ ಮೇಲೆ ಇರುತ್ತಿತ್ತು. ಹೀಗಾಗಿ ಆ ಇಡೀ ಋತುವಿನಲ್ಲಿ ಸೇಸಪ್ಪನ ಸರಪಳಿ ಹೇಳಿದ್ದೇ ನ್ಯಾಯ.

ಫೈನಲ್ ಮಾತ್ರ ಅಬುಧಾಬಿಯ ಹುಲ್ಲಿನ ಮೈದಾನದಲ್ಲಿ ನಡೆಯಿತು. ಬಿಳಿ ಬಣ್ಣದ ಗೆರೆಗಳು ಹೊಸ ಪಂಚೆಯ ಅಂಚಿನಂತೆ ಎದ್ದು ಕಾಣುತ್ತಿದ್ದವು. ಸೇಸಪ್ಪ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದಿದ್ದ. ಆಟ ಮುಗಿಯುವ ಹೊತ್ತಿಗೆ ರೋಷನ್‌ನ ತಂಡ ಸ್ವಲ್ಪದರಲ್ಲಿ ಮುಂದಿತ್ತು. ಚೆಂಡು ಅಬುಧಾಬಿಯವರ ಕೈಯಲ್ಲಿ. ಆಗಷ್ಟೇ ಅದನ್ನು ಗಳಿಸಿದ್ದ ಅವರು ಸರಿಯಾಗಿ ಒಂದು ಗೆರೆಯ ಮೇಲಿಂದಲೇ ಶುರು ಮಾಡಿದ್ದರು. ಈಗ ನಾಲ್ಕನೇ, ಕೊನೆಯ ಅವಕಾಶ. ಈಗ ತಡೆದರೆ ಕಪ್ ದುಬೈಗೆ.

ಅಬುಧಾಬಿಯ ಹುಡುಗ ಚೆಂಡು ಅಪ್ಪಿಕೊಂಡು ನುಗ್ಗಿದ. ರೋಷನ್ ಅವನ ಸೊಂಟ ಹಿಡಿದು ಕೆಡವಿದ. ಚೆಂಡಿನ ಮೂತಿ ಹತ್ತು ಗಜದಾಚೆಯ ಗೆರೆಯನ್ನು ತುಸುವೇ ದಾಟಿ ನಿಂತಿತು.

ಆದರೆ ಸೇಸಪ್ಪ ಹಿಡಿದಿದ್ದ ಕೋಲು ಇನ್ನೂ ಮುಂದಿತ್ತು. ಗೆರೆಯಿಂದ ಒಂದು ಗೇಣು ಮುಂದೆ.

ಅವನು ಗೆರೆ ನೋಡಿದ, ಕೋಲು ನೋಡಿದ. ಕೋಲು ಜಾರಿತೇ ಎಂದು ಬುಡ ನೋಡಿದ. ಹಿಂದೆ ತಿರುಗಿ ನೋಡಿದರೆ ರವೂಫನ ಕೋಲು ಆಟ ಶುರುವಾದ ಗೆರೆಯ ಮೇಲೆಯೇ ನೆಟ್ಟಗಿತ್ತು. ಆಗ ಹೊಳೆಯಿತು. ಹತ್ತು ಗಜ ಕೇಳಿದವರಿಗೆ ಬರೀ ಹತ್ತು ಗಜ ಕೊಟ್ಟು ಕಳಿಸುವ ಕೈ ತನ್ನದಲ್ಲ. ಹಗ್ಗ ಕೊಂಡವನಿಗೂ ಟಾರ್ಪಾಲು ಕೊಂಡವನಿಗೂ ಮೇಲೊಂದು ಗೇಣು ಕೊಸರು. ಪ್ಯಾಟ್ರಿಶಿಯಾ ಟೀಚರಿಗೂ ಹಾಗೇ ಕೈ ಬಿಚ್ಚಿ ಕೊಟ್ಟಿದ್ದ. ಬದಿಯಲ್ಲಿ ನೆಟ್ಟ ಕೋಲನ್ನು ಇಷ್ಟು ಹತ್ತಿರದ ಪಂದ್ಯ ಬರುವ ತನಕ ಯಾರೂ ಗೆರೆಗೆ ಹೋಲಿಸಿ ನೋಡಿರಲಿಲ್ಲ.

ಎರಡೂ ತಂಡದ ಕೋಚುಗಳು ಕೂಗುತ್ತಿದ್ದರು. ಹುಡುಗರ ರಾಶಿಯ ಕೆಳಗಿಂದ ಚೆಂಡು ಹುಡುಕುತ್ತಿದ್ದ ಪ್ಯಾಟ್ರಿಶಿಯಾ ಕೋಲಿನತ್ತ ನೋಡಿ, ಅನುಮಾನಿಸಿ, ಕೈ ಎತ್ತಿದಳು: "ಸೇಸಪ್ಪಣ್ಣ, ಬನ್ನಿ! ಅಳೆಯೋಣ!"

ಈ ಸಲ ಟೀಚರ್ ಬಾಯಿಂದಲೇ ಕರೆ ಬಂದಿತ್ತು. ಸೇಸಪ್ಪ ಮಾತ್ರ ಅಲ್ಲಾಡಲಿಲ್ಲ.

ಹಿಂದಿನಿಂದ ರವೂಫ್ ಹತ್ತಿರ ಬಂದ. ಅವನಿಗೂ ಕೋಲು ಕಂಡಿತ್ತು, ಸೇಸಪ್ಪನ ಮುಖವೂ ಕಂಡಿತ್ತು. "ಎಂತ ನಿಂತದ್ದು? ಸುಮ್ಮನೆ ಹೋಗಿ ಅಳೆದು ಬನ್ನಿ ಮಾರಾಯ್ರೆ. ನಿಮ್ಮ ಮಗನೇ ಗೆಲ್ಲೋದು. ಒಂದು ಗೇಣು, ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತುಂಟಲ್ಲ."

"ಒಬ್ಬರಿಗೆ ಗೊತ್ತಾದರೆ ಊರಿಗೆಲ್ಲ ಹೇಳಬೇಕಾ?"

ಸೇಸಪ್ಪ ಹೆಲ್ಮೆಟ್ಟಿನೊಳಗೆ ನಗುತ್ತಿದ್ದ ಮಗನನ್ನು ನೋಡಿದ. ಕೋಲನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮೈದಾನದೊಳಗೆ ನಡೆದ.

"ಅಳೆಯೋದು ಬೇಡ ಟೀಚರೇ. ಗೆರೆಯಿಂದ ಶುರು ಆದದ್ದು. ಗೆರೆ ನೋಡಿ ಅಂತ ನೀವೇ ಹೇಳಿದ್ದಲ್ವಾ?"

"ನನ್ನ ಪಾಠ ನನಗೇನಾ? ಮತ್ತೆ ಕೋಲು ಯಾಕೆ ಅಲ್ಲಿ ನಿಂತಿದೆ?"

"ಅದು... ಸರಪಳಿಯಲ್ಲಿ ಕೊಸರು ಉಂಟು."

ಪ್ಯಾಟ್ರಿಶಿಯಾಗೆ ನಗು ಬಂತು, ರೆಫರಿ ನಗಬಾರದೆಂದು ಸೀಟಿ ಕಚ್ಚಿಕೊಂಡಳು. ಏನಾಯಿತೆಂದು ಕೇಳಿದ ಅಮೆರಿಕದ ಕೋಚಿಗೆ ಕೊಸರನ್ನು ಹೇಗೆ ವಿವರಿಸುವುದೆಂದು ತಿಳಿಯದೆ, ಗೆರೆಯನ್ನೂ ಅದರಾಚೆಯ ಚೆಂಡನ್ನೂ ಬೆರಳಲ್ಲಿ ತೋರಿಸಿದಳು. ಫಸ್ಟ್ ಡೌನ್ ಅಬುಧಾಬಿಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಕಪ್ ಕೂಡ ಅದರ ಹಿಂದೆಯೇ ಹೋಯಿತು.

ದುಬೈಗೆ ಹಿಂದಿರುಗುವ ದಾರಿಯುದ್ದಕ್ಕೂ ರೋಷನ್ ಪಿಕಪ್ಪಿನ ಕಿಟಕಿಯಾಚೆ ಮರಳು ನೋಡುತ್ತಿದ್ದ. ಜೆಬೆಲ್ ಅಲಿ ದಾಟಿದ ಮೇಲೆ ಬಾಯಿ ಬಿಟ್ಟ: "ಪಪ್ಪಾ, ವೈ ಡು ಯು ಗಿವ್ ಎಕ್ಸ್‌ಟ್ರಾ ಟು ಎವ್ರಿಬಡಿ?"

"ಎಕ್ಸ್‌ಟ್ರಾ ಕೊಟ್ಟದ್ದಕ್ಕೇ ಗಿರಾಕಿ ಇನ್ನೊಮ್ಮೆ ಬರೋದು ಮಗಾ."

"ಅಬುಧಾಬಿಯವರೂ ಇನ್ನೊಮ್ಮೆ ಬಂದ್ರಲ್ಲ, ನಾಲ್ಕು ಅವಕಾಶ ತಗೊಂಡು!"

ನಡುವೆ ಕುಳಿತಿದ್ದ ರವೂಫ್ ಗಹಗಹಿಸಿ ನಕ್ಕ. ತಡೆಯಲು ನೋಡಿ, ಆಗದೆ, ರೋಷನ್ ಕೂಡ ನಕ್ಕ. ಸೇಸಪ್ಪನಿಗೆ ಉಸಿರು ಬಂದದ್ದು ಆಗಲೇ.

ಶನಿವಾರ ಅಂಗಡಿ ತೆರೆಯುತ್ತಿದ್ದಂತೆ ಪ್ಯಾಟ್ರಿಶಿಯಾ ಸರಪಳಿಯ ಸಮೇತ ಹಾಜರು.

"ನನ್ನ ಕಣ್ಣೆದುರು ಕತ್ತರಿಸಿ. ಹತ್ತು ಗಜ ಅಂದ್ರೆ ಹತ್ತೇ ಗಜ."

"ಕೋಲು ಹಿಡಿಯೋದು?"

"ಮತ್ತೆ ಯಾರು ಹಿಡೀತಾರೆ? ನೀವೇ. ಕರೆದಾಗ ಮಾತ್ರ ಬನ್ನಿ."

ಸೇಸಪ್ಪ ಟೇಪು ಹಿಡಿದು ಎರಡೆರಡು ಸಲ ಅಳೆದ. ಆ ಒಂದು ಗೇಣನ್ನು ಕತ್ತರಿಸುವಾಗ ತನ್ನ ಬೆರಳೇ ಹೋದಂತೆ ಮುಖ ಹಿಂಡಿದ. ಸರಪಳಿ ಸುರುಳಿ ಸುತ್ತಿ ಕೈಗಿಟ್ಟ. ಅವಳು ಬಾಗಿಲು ದಾಟುವ ಮುಂಚೆ ಮನಸ್ಸು ತಡೆಯಲಿಲ್ಲ.

"ನಿಲ್ಲಿ ಟೀಚರೇ. ಕಟ್ಟಿಕೊಂಡು ಹೋಗಲಿಕ್ಕೆ ಒಂದು ಗಜ ಹಗ್ಗ ಕೊಡ್ತೇನೆ," ಎಂದ. ಹಗ್ಗ ಎಳೆದ, ಗಜ ಮುಗಿಯಿತು, ಕೈ ಇನ್ನೊಂದು ಗೇಣು ಎಳೆದೇ ನಿಂತಿತು.