ರಂಗಕ್ಕೆ ಬೆನ್ನು ಹಾಕಿ ಕೂತ ನನ್ನ ವಾರಗಿತ್ತಿ

ನನ್ನ ವಾರಗಿತ್ತಿ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು. ಅಲ್ಲಿನ ಹೆಂಗಸರೆಲ್ಲ ಅವಳನ್ನು ತುಟಿಯಕ್ಕ ಅಂತ ಕರೆಯುತ್ತಿದ್ದರು. ಆ ಹೆಸರು ಯಾಕೆ ಬಂತು ಅಂತ ಮೊದಲು ಹೇಳಿಬಿಡುತ್ತೇನೆ.

ಮಗ್ಗದ ಶೆಡ್ಡಿನಲ್ಲಿ ಇನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತವೆ. ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ದನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಾರೆ, ಸ್ವಲ್ಪ ಕೈ, ಸ್ವಲ್ಪ ಹುಬ್ಬು. ಮೇಸ್ತ್ರಿ ಬೆನ್ನು ತಿರುಗಿಸಿದರೆ ಸಾಕು, ಅವನ ನಡಿಗೆ, ಅವನ ಹೊಟ್ಟೆ, ಅವನ ಮಾವನ ಮನೆಯವರು ಅವನಿಗೆ ಕೊಡುವ ಮರ್ಯಾದೆ, ಎಲ್ಲವೂ ಈ ಮಗ್ಗದಿಂದ ಆ ಮಗ್ಗಕ್ಕೆ ಹೋಗುತ್ತಿತ್ತು. ಅದರಲ್ಲಿ ನಮ್ಮಕ್ಕನದು ಎತ್ತಿದ ಕೈ. ನಾನೂ ಅದೇ ಗಿರಣಿಯವಳು, ಆದರೆ ಇದ್ದದ್ದು ನೂಲು ಸುತ್ತುವ ಕೋಣೆಯಲ್ಲಿ, ಅಲ್ಲಿ ಸದ್ದು ಕಮ್ಮಿ. ಹಾಗಾಗಿ ಆ ವಿದ್ಯೆ ನನಗೆ ಹತ್ತಲಿಲ್ಲ. ಗಿರಣಿ ಅವಳ ಎಡಗಿವಿಯನ್ನು ತಿಂದುಹಾಕಿತು. ಬಲಗಿವಿ ಮಾತ್ರ ನಾನು ಅಡುಗೆಮನೆಯಲ್ಲಿ ಗೊಣಗಿದ್ದೂ ಕೇಳಿಸುವಷ್ಟು ಚುರುಕು.

ನಮ್ಮ ಕೆಳಗಿನ ಮನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಸಂಸಾರ ಇತ್ತು. ಅವನ ಮಗಳಿಗೆ ಆರನೇ ವರ್ಷದಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಕಲಿತಿದ್ದ ಮಾತು ಉಳಿಯಿತು, ದನಿಯ ಏರಿಳಿತ ಹೋಯಿತು. ಮನೆಯವರು ಅವಳ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದರು. ಬೇಡ ಅಂತಲ್ಲ, ಹೇಗೆ ಅಂತ ಗೊತ್ತಿಲ್ಲದೆ. ಅಕ್ಕ ಆ ಹುಡುಗಿಗೆ ಗುಬ್ಬಿ ಅಂತ ಹೆಸರಿಟ್ಟು, ದಿನಾ ಮೆಟ್ಟಿಲ ಮೇಲೆ ಎದುರಿಗೆ ಕೂರಿಸಿಕೊಂಡು, ಬಟಾಣಿ ಬಿಡಿಸುತ್ತಾ ತುಟಿಮಾತು ಕಲಿಸಿದಳು. ಎರಡು ವರ್ಷದಲ್ಲಿ ಇಬ್ಬರೂ ಸೇರಿ, ಎದುರಿಗೆ ಕೂತ ನನ್ನನ್ನೇ ಆಡಿಕೊಳ್ಳುವಷ್ಟು ಮುಂದುವರಿದರು.

ಗುಬ್ಬಿಗೆ ಹದಿನಾಲ್ಕು ತುಂಬಿದ ವರ್ಷ ನಮ್ಮ ಬೀದಿಯ ವಾಚನಾಲಯಕ್ಕೆ ಒಂದು ಕಾಗದ ಬಂತು. ನಾಟಕವನ್ನೇ ನೋಡದ ಹುಡುಗ ಹುಡುಗಿಯರನ್ನು ದೊಡ್ಡ ಪಟ್ಟಣದ ರಂಗಮಂದಿರಕ್ಕೆ ಕರೆದುಕೊಂಡು ಹೋಗಲು ಯಾವುದೋ ನಿಧಿಯವರು ಅನುದಾನ ಕೊಟ್ಟಿದ್ದರು. ಬಸ್ಸೂ ಅವರದೇ, ಟಿಕೆಟ್ಟೂ ಅವರದೇ. ಮಕ್ಕಳಿಗೆ ಇಪ್ಪತ್ತು ಜಾಗ, ಜೊತೆಗೆ ಇಬ್ಬರು ದೊಡ್ಡವರು. ಆದರೆ ವಾಚನಾಲಯದ ಮೇಲಿನ ಕೋಣೆಗೆ ಭಾನುವಾರ ಬರುವ ಮಕ್ಕಳು ಇಪ್ಪತ್ತೊಂದು.

ಅಲ್ಲಿನ ಕಾರ್ಯದರ್ಶಿ ಅಂಚೆ ಕಚೇರಿಯಿಂದ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಮೊಹರು ಬೀಳದ ಮಾತನ್ನು ನಂಬುವವರಲ್ಲ. ಪಟ್ಟಿಯಿಂದ ಗುಬ್ಬಿಯ ಹೆಸರು ಹೊಡೆದರು. ಅಕ್ಕ ನನ್ನನ್ನೂ ಎಳೆದುಕೊಂಡು ಅವರ ಮೇಜಿನ ಮುಂದೆ ಹೋಗಿ ನಿಂತಳು.

"ನೋಡಮ್ಮ, ಬೇಜಾರು ಮಾಡ್ಕೋಬೇಡಿ," ಅಂದರು ಅವರು. "ಸಿನಿಮಾ ಆಗಿದ್ರೆ ಕೆಳಗಡೆ ಅಕ್ಷರನಾದ್ರೂ ಬರುತ್ತೆ. ಇದು ನಾಟಕ. ಎರಡು ಗಂಟೆ ಬರೀ ಮಾತು. ಆ ಹುಡುಗಿಗೆ ಏನು ದಕ್ಕುತ್ತೆ?"

"ಕಿವಿ ಕೇಳೋ ಮಕ್ಕಳು ಮಾತ್ರ ಅಂತ ಕಾಗದದಲ್ಲಿ ಬರೆದಿದ್ದಾರಾ? ಇನ್ನೊಂದು ಸಲ ಓದಿ."

ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹಾಗೇನೂ ಬರೆದಿಲ್ಲ. ಆದರೆ ವಾಪಸ್ ಬಂದ ಮೇಲೆ ಪ್ರತಿಯೊಬ್ಬರೂ ನೋಡಿದ್ದನ್ನ ಬಾಯಲ್ಲಿ ಹೇಳಬೇಕು, ನಾನು ಬರೆದು ಕಳಿಸಬೇಕು. ಇವಳೇನು ಹೇಳ್ತಾಳೆ? ದೀಪ ಹತ್ತಿತು, ದೀಪ ಆರಿತು ಅಂತಲಾ?"

"ಪೂರ್ತಿ ನಾಟಕ ಹೇಳ್ತಾಳೆ. ಹೇಳದಿದ್ರೆ ಇನ್ನು ಮೇಲೆ ಯಾವ ಪಟ್ಟಿಗೂ ಅವಳ ಹೆಸರು ಸೇರಿಸಬೇಡಿ. ನಾನು ತುಟಿ ಬಿಚ್ಚಲ್ಲ."

"ನೀವು ತುಟಿ ಬಿಚ್ಚಲ್ವಾ?" ಕಾರ್ಯದರ್ಶಿ ನನ್ನ ಕಡೆ ನೋಡಿದರು. "ಇದಕ್ಕೆ ಸಾಕ್ಷಿ ಹಾಕ್ತೀರೇನಮ್ಮಾ?"

ನಾನು ನೆಲ ನೋಡಿದೆ.

ಗುಬ್ಬಿಯ ಹೆಸರು ಮತ್ತೆ ಸೇರಿತು. ಕಡೆಯಲ್ಲಿ ಸೇರಿದ್ದ ಬೇಕರಿಯವನ ಮಗನ ಹೆಸರು ಹೋಯಿತು. ಅವನ ತಾಯಿ ವಾಚನಾಲಯದ ಮೆಟ್ಟಿಲಲ್ಲಿ ಸಿಕ್ಕಾಗ, "ಕೇಳಿಸದವರು ಹೋಗ್ತಾರೆ, ಕೇಳಿಸೋನು ಮನೇಲಿ ಕೂರ್ತಾನೆ, ಚೆನ್ನಾಗಿದೆ ನಿಮ್ಮ ನ್ಯಾಯ," ಅಂದಳು. ಎಂಥವರಿಗೂ ಥಟ್ಟನೆ ಉತ್ತರ ಕೊಡುವ ಅಕ್ಕ ಅವತ್ತು ಮನೆಗೆ ಬಂದು, "ಅವಳು ಅಂದದ್ದರಲ್ಲಿ ತಪ್ಪೇನಿದೆ," ಅಂದಳು. "ಆ ಹುಡುಗನ ಜಾಗ ಪೋಲು ಆಗಬಾರದು, ಅಷ್ಟೇ."

ಮಧ್ಯಾಹ್ನದ ಆಟ. ಮಕ್ಕಳ ಜೊತೆ ಹೋದ ದೊಡ್ಡವರು ಅಕ್ಕ ಮತ್ತು ನಾನು. ನಮಗೆ ಸಿಕ್ಕಿದ್ದು ಬಾಲ್ಕನಿಯ ಕೊನೆಯ ಎರಡು ಸಾಲು. ಅಲ್ಲಿಂದ ರಂಗದ ಮೇಲಿನವರು ಹೆಬ್ಬೆರಳಷ್ಟು ಕಾಣುತ್ತಾರೆ, ಅವರ ತುಟಿ ಯಾರಿಗೆ ಕಾಣಬೇಕು? ಅಕ್ಕನಿಗೆ ಇದು ಮೊದಲೇ ಗೊತ್ತಿತ್ತು. ಗುಬ್ಬಿಯನ್ನು ಕೊನೆಯ ಸಾಲಿನ ತುದಿಯಲ್ಲಿ ಕೂರಿಸಿ, ತಾನು ಮುಂದಿನ ಕುರ್ಚಿಯ ಮೇಲೆ ಹಿಂದುಮುಂದಾಗಿ, ಅಂದರೆ ರಂಗಕ್ಕೆ ಬೆನ್ನು ಹಾಕಿ, ಮೊಣಕಾಲೂರಿ ಕೂತಳು. ಬಲಗಿವಿಯಲ್ಲಿ ಕೇಳಿದ್ದನ್ನೆಲ್ಲ ತುಟಿಯಲ್ಲಿ ದಾಟಿಸುವುದು ಅವಳ ಲೆಕ್ಕಾಚಾರ. ಅದು ಮಡಚಿಕೊಳ್ಳುವ ಕುರ್ಚಿ. ಎರಡು ಸಲ ಅವಳ ಕಾಲನ್ನು ಕಚ್ಚಿ ಹಿಡಿಯಿತು. ಮಕ್ಕಳು ಕಿಸಿಕಿಸಿ ನಕ್ಕರು.

ಅಷ್ಟರಲ್ಲಿ ದೀಪ ಆರಿತು. ಅವಳ ಮುಖವೂ ಅದರ ಜೊತೆ ಆರಿಹೋಯಿತು.

ಮೂವತ್ತೊಂದು ವರ್ಷ ಅವಳು ಶೆಡ್ಡಿನ ಬೆಳಕಲ್ಲಿ ಮಾತಾಡಿದ್ದವಳು. ಕತ್ತಲಾದರೆ ತುಟಿ ಕಾಣುವುದಿಲ್ಲ ಅನ್ನುವುದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಗುಬ್ಬಿ ಕತ್ತಲಲ್ಲಿ ಅವಳ ಕೆನ್ನೆ, ಬಾಯಿ ತಡವುತ್ತಿದ್ದಳು. ಕೆಳಗೆ ನಾಟಕ ಶುರುವಾಗಿ ಜನ ಆಗಲೇ ಒಂದು ಸಲ ನಕ್ಕಿದ್ದರು. ಅಕ್ಕ ಸುತ್ತ ನೋಡಿದಳು. ನಮ್ಮ ಬೆನ್ನ ಹಿಂದೆ ಬಾಗಿಲ ಮೇಲೆ ಒಂದು ಸಣ್ಣ ಕೆಂಪು ಬಲ್ಬು, ಅದರ ಬೆಳಕು ಮೆಟ್ಟಿಲಿಗಷ್ಟೇ. ತಕ್ಷಣ ಎದ್ದು, ಸಾಲಿನ ಪಕ್ಕದ ಓಡಾಡುವ ಮೆಟ್ಟಿಲ ಮೇಲೆ ಆ ಬಲ್ಬಿಗೆ ಮುಖ ಕೊಟ್ಟು ಕೂತಳು. ಮುಖವೆಲ್ಲ ದಾಳಿಂಬೆಯ ಹಾಗೆ ಕೆಂಪಾಯಿತು, ಆದರೆ ತುಟಿ ಕಂಡಿತು.

ನಾಟಕ ಒಬ್ಬ ದೋಣಿಯವನದು. ಅವನು ಸಾಯುತ್ತಾನೆ, ಹೆಂಡತಿ ಹುಟ್ಟು ಹಿಡಿಯುತ್ತಾಳೆ, ಹೆಂಗಸು ನಡೆಸುವ ದೋಣಿಗೆ ಯಾರೂ ಹತ್ತುವುದಿಲ್ಲ. ದೋಣಿಯವನು ಸಾಯುವಾಗ ಬಹಳ ಹೊತ್ತು ನರಳಿದ. ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಗುಬ್ಬಿ ಗೊಳ್ಳನೆ ನಕ್ಕುಬಿಟ್ಟಳು. ತನ್ನ ನಗು ಎಷ್ಟು ಜೋರು ಅಂತ ಅವಳಿಗೇನು ಗೊತ್ತು, ಇಡೀ ಸಭೆ ತಿರುಗಿ ನೋಡಿತು. ತಪ್ಪು ಅಕ್ಕನದು. ಮಗ್ಗದ ಮುಂದಿನ ಚಾಳಿ ಬಿಟ್ಟೀತೇ? ನರಳುವವನ ನಡುವೆ ತನ್ನದೂ ಒಂದು ಮಾತು ಸೇರಿಸಿದ್ದಳು: "ಬೇಗ ಸಾಯಪ್ಪ, ನಮ್ಮ ಬಸ್ಸು ಹೊರಡುತ್ತೆ."

ಬಾಗಿಲು ಕಾಯುವ ಹೆಂಗಸು ಟಾರ್ಚು ಹಿಡಿದು ಬಂದಳು. "ಮೆಟ್ಟಿಲ ಮೇಲೆ ಕೂರೋ ಹಾಗಿಲ್ಲ, ಬೆಂಕಿ ಗಿಂಕಿ ಬಿದ್ರೆ ಜನ ಓಡಬೇಕು. ಆ ಹುಡುಗಿನ ಆಚೆ ಕರ್ಕೊಂಡು ಹೋಗಿ."

"ನಕ್ಕಿದ್ದು ಅವಳು, ನಗಿಸಿದ್ದು ನಾನು," ಅಂದಳು ಅಕ್ಕ. "ನಾನು ಆಚೆ ಹೋಗ್ತೀನಿ, ಅವಳನ್ನ ಬಿಡಿ."

ಆದರೆ ಅಕ್ಕ ಹೋದರೆ ಗುಬ್ಬಿಗೆ ನಾಟಕ ಎಲ್ಲಿ? ನಾನು ಆ ಹೆಂಗಸಿನ ತೋಳು ಹಿಡಿದು, ಪಿಸುಮಾತಲ್ಲಿ, ಹಿಂದಿನದು ಮುಂದಿನದು ಸೇರಿಸಿ ಎಲ್ಲ ಹೇಳಿದೆ. ಅವಳು ಟಾರ್ಚನ್ನು ಅಕ್ಕನ ಮುಖದ ಮೇಲೆ ಬಿಟ್ಟಳು. ಆ ಬೆಳಕಲ್ಲೇ ಅಕ್ಕ ಗುಬ್ಬಿಗೆ ಕೆಳಗೆ ಏನು ನಡೆಯುತ್ತಿದೆ ಅಂತ ಹೇಳುತ್ತಲೇ ಇದ್ದಳು, ಬೈಸಿಕೊಳ್ಳುವಾಗಲೂ ಬಿಟ್ಟಿರಲಿಲ್ಲ. ಆ ಹೆಂಗಸು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಕುರ್ಚಿಗೆ ಹೋಗಿ," ಅಂದಳು. "ಮೆಟ್ಟಿಲು ಮಾತ್ರ ಬೇಡ."

"ಅಲ್ಲಿ ಬೆಳಕಿಲ್ಲ."

"ನಾನು ಹಿಡೀತೀನಿ. ಇನ್ನೊಂದು ಸಲ ನಕ್ರೆ ಮೂರು ಜನಾನೂ ಆಚೆ."

ಮೂರನೆಯವಳು ನಾನು ಅಂತ ಆಮೇಲೆ ಹೊಳೆಯಿತು.

ಮುಕ್ಕಾಲು ಗಂಟೆ ಆ ಹೆಂಗಸು ಗುಬ್ಬಿಯ ಹಿಂದೆ ನಿಂತು, ಟಾರ್ಚಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಬೆರಳಿನ ಸಂದಿಯಿಂದ ತುಟಿಗಷ್ಟೇ ಬೆಳಕು ಬಿಟ್ಟಳು. ಅಕ್ಕ ತನ್ನ ಕಡೆಯಿಂದ ಒಂದಕ್ಷರ ಸೇರಿಸಲಿಲ್ಲ. ನಡುವೆ ನಾನು ಗುಬ್ಬಿಯ ಮುಖ ನೋಡಿದೆ. ಒಂದು ಸಲ ರಂಗ, ಒಂದು ಸಲ ತುಟಿ, ರೆಪ್ಪೆ ಹೊಡೆಯುವುದಕ್ಕೂ ಅವಳಿಗೆ ಪುರಸೊತ್ತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಮೊಣಕಾಲು ಉಜ್ಜಿಕೊಳ್ಳುತ್ತಾ ಗುಬ್ಬಿಯನ್ನು ಕೇಳಿದಳು, "ಕೊನೇಲಿ ನನ್ನ ಬೆನ್ನ ಹಿಂದೆ ಸರಸರ ಅಂತಿತ್ತಲ್ಲ, ಏನದು?"

ಗುಬ್ಬಿ ಎರಡು ಕೈ ಅಗಲಿಸಿದಳು. ಅದು ನದಿ. ಇಡೀ ರಂಗದ ಉದ್ದಕ್ಕೂ ಒಂದು ನೀಲಿ ಬಟ್ಟೆ, ಎರಡು ಕಡೆ ಜನ ಹಿಡಿದು ಅಲ್ಲಾಡಿಸುತ್ತಿದ್ದರಂತೆ.

"ರೇಷ್ಮೆನಾ?"

"ಹತ್ತಿ," ಅಂದಳು ಗುಬ್ಬಿ. "ತೆಳು."

"ಹತ್ತಿ ಹಾಗೆ ಸದ್ದು ಮಾಡಲ್ಲ."

"ನೀನು ನೋಡಿಲ್ಲ. ನಾನು ನೋಡಿದೀನಿ."

ಊರು ಬರುವವರೆಗೂ ಇದೇ ಜಗಳ.

ಮುಂದಿನ ಭಾನುವಾರ ಕಾರ್ಯದರ್ಶಿ ಪುಸ್ತಕ ತೆರೆದು ಕೂತರು. ಬೇಕರಿಯವನ ಹೆಂಡತಿಯೂ ಬಂದು ಬಾಗಿಲಿಗೆ ಒರಗಿ ನಿಂತಳು. ಮಕ್ಕಳು ತುಂಡು ತುಂಡಾಗಿ ಹೇಳಿದರು: ದೋಣಿ ಚೆನ್ನಾಗಿತ್ತು, ಮೀಸೆ ಬಿಚ್ಚಿಕೊಂಡಿತು, ಕುರ್ಚಿ ಮೆತ್ತಗಿತ್ತು. ಗುಬ್ಬಿಯ ಸರದಿ ಬಂತು. ಏರಿಳಿತ ಇಲ್ಲದ ಆ ದನಿಯಲ್ಲಿ, ಕೈಯನ್ನೇ ಹುಟ್ಟು ಮಾಡಿಕೊಂಡು, ಮೊದಲಿಂದ ಶುರುಮಾಡಿದಳು. ಯಾರು ಯಾರಿಗೆ ಏನಂದರು, ದೋಣಿ ಹತ್ತದೆ ಹೇಗೆ ತಿರುಗಿ ನಡೆದರು, ನದಿ ಉಕ್ಕಿದ ದಿನ ಅದೇ ಜನ ದಡದಲ್ಲಿ ನಿಂತು ಹೇಗೆ ಕೂಗಿ ಕರೆದರು, ಒಂದೂ ಬಿಡಲಿಲ್ಲ. ದೋಣಿಯವನಾಗಿ ನೆಲಕ್ಕೆ ಬಿದ್ದು ನರಳಿದಳು. ಆಮೇಲೆ ಅವನ ಹೆಂಡತಿಯಾಗಿ ಬಗ್ಗಿ, "ಬೇಗ ಸಾಯಪ್ಪ, ನಮ್ಮ ಬಸ್ಸು ಹೊರಡುತ್ತೆ," ಅಂದಳು.

ಕಾರ್ಯದರ್ಶಿ ಪೆನ್ನು ಎತ್ತಿದರು. "ಇದು ನಾಟಕದಲ್ಲಿತ್ತಾ?"

"ಇರಲಿಲ್ಲ ಸಾರ್," ಅಂದಳು ಕೊಳಾಯಿ ರಿಪೇರಿಯವನ ಮಗಳು. "ಇರಬೇಕಿತ್ತು."

ಕೋಣೆಯೆಲ್ಲ ನಕ್ಕಿತು. ಬೇಕರಿಯವನ ಹೆಂಡತಿಯೂ ಸೆರಗಿಗೆ ಬಾಯಿ ಒತ್ತಿಕೊಂಡಳು. ಅಕ್ಕ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು. ಕಾರ್ಯದರ್ಶಿ ಮೂರು ಪುಟ ಬರೆದರು, ಆ ಮಾತನ್ನೂ ಸೇರಿಸಿ.

ಈ ವರ್ಷವೂ ಕಾಗದ ಬಂದಿದೆ. ಪಟ್ಟಿಯಲ್ಲಿ ಮೊದಲ ಹೆಸರು ಬೇಕರಿಯವನ ಮಗನದು, ಎರಡನೆಯದು ಗುಬ್ಬಿಯದು. ಜೊತೆಗೆ ಹೋಗುವವರು ನಾವಿಬ್ಬರೇ. ಈ ಸಲ ಅಕ್ಕ ರಂಗದ ಕಡೆ ಮುಖ ಮಾಡಿ ಕೂರಬೇಕು, ಬಟ್ಟೆ ಯಾವುದು ಅಂತ ತಾನೇ ನೋಡಬೇಕು ಅಂತ ಗುಬ್ಬಿ ಹಟ ಹಿಡಿದಿದ್ದಾಳೆ. ಅಂದರೆ ಬೆನ್ನು ಹಾಕಿ ಕೂರಬೇಕಾದವಳು ನಾನು. ಅದಕ್ಕೇ ಸಂಜೆ ಹೊತ್ತು ಮೆಟ್ಟಿಲ ಮೇಲೆ ಗುಬ್ಬಿ ನನ್ನನ್ನು ಎದುರಿಗೆ ಕೂರಿಸಿಕೊಂಡು ತುಟಿಮಾತು ತಿದ್ದುತ್ತಾಳೆ. ಅಕ್ಕ ಪಕ್ಕದಲ್ಲಿ ಕೂತು ನೋಡುತ್ತಾಳೆ.

"ಹಸು ಮೆಲುಕು ಹಾಕಿದ ಹಾಗಿದೆ," ಅಂದಳು ಅಕ್ಕ ನೆನ್ನೆ. "ಆದರೂ ಮೊನ್ನೆಗಿಂತ ವಾಸಿ."