ಕೂತವಳು ಕಾಣಲಿಲ್ಲ

ಕಳೆದ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ದುರುಗವ್ವನ ಕೆಲಸ ರಸ್ತೆ ದಾಟುವುದಾಗಿತ್ತು. ಬೆಳಿಗ್ಗೆ ಏಳಕ್ಕೆ ಶುರು, ಹನ್ನೊಂದಕ್ಕೆ ಮುಕ್ತಾಯ.

ಕುಷ್ಟಗಿ ದಾಟಿದ ಮೇಲೆ ನಾಲ್ಕು ಪಥದ ಹೆದ್ದಾರಿಗೆ ಅಂಟಿಕೊಂಡ ಊರು ಅವಳದು. ಅಲ್ಲಿಗೆ ಒಂದು ಎಂಜಿನಿಯರಿಂಗ್ ಕಾಲೇಜಿನ ಸಂಶೋಧನೆಯವರು ಬಂದು ಎತ್ತರದ ಕಂಬ ನೆಟ್ಟು, ಅವುಗಳ ನೆತ್ತಿಗೆ ಕ್ಯಾಮೆರಾ ಕೂರಿಸಿದ್ದರು. ರಸ್ತೆಯ ಮೇಲೆ ಮನುಷ್ಯರು ಬಂದರೆ ಕ್ಯಾಮೆರಾ ತಾನಾಗಿ ಗುರುತಿಸಬೇಕು. ಗುರುತಿಸಿದ ಕೂಡಲೇ ಎರಡೂ ದಿಕ್ಕಿಗೆ ಮುನ್ನೂರು ಮೀಟರ್ ದೂರದಲ್ಲಿರುವ ಬೋರ್ಡುಗಳಲ್ಲಿ ‘ನಿಧಾನ, ಮುಂದೆ ಜನ’ ಎಂಬ ಕೆಂಪಕ್ಷರ ಹೊತ್ತಿಕೊಳ್ಳಬೇಕು. ಮನುಷ್ಯರೆಂದರೆ ಹೇಗಿರುತ್ತಾರೆ, ಹೇಗೆ ನಡೆಯುತ್ತಾರೆ ಎಂದು ಅದಕ್ಕೆ ಕಲಿಸಲು ದಾಟುವವರು ಬೇಕಿತ್ತು. ಪೊಲೀಸರ ಅನುಮತಿ ಪಡೆದು, ವಾಹನಗಳನ್ನು ಸರ್ವೀಸ್ ರಸ್ತೆಗೆ ತಿರುಗಿಸಿ, ಊರಿನ ಐವರು ಹೆಂಗಸರನ್ನು ಕೆಲಸಕ್ಕೆ ಕರೆದರು. ದುರುಗವ್ವ ಅವರಿಗೆಲ್ಲ ಮುಂದಾಳು.

ಅವಳಿಗಾಗ ನಲವತ್ತಾರು. ಹದಿನೇಳಕ್ಕೆ ಈ ಊರಿಗೆ ಮದುವೆಯಾಗಿ ಬಂದಾಗ ಎರಡು ಲಾರಿ ಎದುರಾದರೆ ಒಂದು ಮಣ್ಣಿಗಿಳಿಯಬೇಕಾದಂಥ ರಸ್ತೆ ಅದು. ಹೊಲ ಆಚೆ ಬದಿಗೆ. ರಸ್ತೆ ಅಗಲವಾದ ಮೇಲೆ ಹೊಲಕ್ಕೆ ಹೋಗಲು ಒಂದೂವರೆ ಕಿಲೋಮೀಟರ್ ಸುತ್ತಿ ಕೆಳಸೇತುವೆಯಲ್ಲಿ ನುಸುಳಬೇಕಾಯಿತು. ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು. ಹಾಗಾಗಿ ಊರವರೆಲ್ಲ ನೇರವಾಗಿಯೇ ದಾಟುತ್ತಿದ್ದರು. ದುರುಗವ್ವ ಕಣ್ಣಿಗಿಂತ ಕಿವಿಯನ್ನು ನಂಬುವವಳು. ಟೈರಿನ ಸದ್ದಿನ ಮೇಲೆಯೇ ಬರುವುದು ಬಸ್ಸೋ ಕಾರೋ, ಎಷ್ಟು ದೂರದಲ್ಲಿದೆ ಎಂದು ಹೇಳುತ್ತಿದ್ದಳು.

ಸಂಶೋಧನೆಯ ಕೆಲಸ ನೋಡಿಕೊಳ್ಳುತ್ತಿದ್ದವಳು ಸುಕನ್ಯಾ, ಗಂಗಾವತಿಯ ಕಡೆಯ ಹುಡುಗಿ. ಅವಳ ಮೇಲಿನವನು ಗೋವಿಂದರಾಜ. ಅವರ ಹತ್ತಿರ ಇಪ್ಪತ್ತನಾಲ್ಕು ಬಗೆಯ ದಾಟುವಿಕೆಯ ಪಟ್ಟಿಯೊಂದಿತ್ತು. ನಿಧಾನ ನಡೆಯುವುದು, ಓಡುವುದು, ತಲೆಯ ಮೇಲೆ ಕೊಡ ಹೊತ್ತು ನಡೆಯುವುದು, ಹುಲ್ಲಿನ ಹೊರೆ ಹೊರುವುದು, ಕೊಡೆ ಹಿಡಿಯುವುದು, ಆಡು ಎಳೆದುಕೊಂಡು ಹೋಗುವುದು. ದುರುಗವ್ವ ಎಲ್ಲವನ್ನೂ ಮಾಡಿದಳು. ಮೊದಲ ವಾರದಲ್ಲೇ ಸುಕನ್ಯಾ ಅವಳನ್ನು ಕರೆದು ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದಳು. ಹೊರೆ ಹೊತ್ತ ಹೆಂಗಸೊಬ್ಬಳು ನಡೆಯುತ್ತಿದ್ದಳು, ಅವಳ ಸುತ್ತ ಹಸಿರು ಚೌಕಟ್ಟೊಂದು ಜೊತೆಗೇ ಸರಿಯುತ್ತಿತ್ತು. ತನ್ನ ಬೆನ್ನು ಅಷ್ಟು ಬಾಗಿದೆಯೆಂದು ದುರುಗವ್ವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆದರೂ ಖುಷಿಯಾಯಿತು. ಇಷ್ಟು ವರ್ಷ ದಾಟಿದ್ದನ್ನು ಯಾರೂ ನೋಡಿರಲಿಲ್ಲ.

ಜುಲೈ ಕೊನೆಗೆ ಅವಳೊಂದು ಮಾತು ಹೇಳಿದಳು. ನಮ್ಮ ಹೆಂಗಸರು ಒಂದೇ ಸಲಕ್ಕೆ ದಾಟುವುದಿಲ್ಲ. ಅರ್ಧ ದಾಟಿ ಡಿವೈಡರ್ ಮೇಲೆ ಹೊರೆ ಇಳಿಸಿ, ಕಣಗಿಲೆ ಗಿಡಗಳ ನಡುವೆ ಕೂತು ದಣಿವಾರಿಸಿಕೊಳ್ಳುತ್ತಾರೆ, ಆಮೇಲೆ ಎದ್ದು ಉಳಿದರ್ಧ ದಾಟುತ್ತಾರೆ ಎಂದಳು. ಸುಕನ್ಯಾ ಅದನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಗೋವಿಂದರಾಜ ಕೇಳಿಸಿಕೊಂಡು, ಕೂರುವುದು ಪಟ್ಟಿಯಲ್ಲಿಲ್ಲ, ಆಗಸ್ಟ್‌ನೊಳಗೆ ಮುಗಿಸಿ ಕೊಡಬೇಕು, ಮುಂದಿನ ಹಂತದಲ್ಲಿ ನೋಡೋಣ ಎಂದ. ಓದಿದವರಿಗೆ ಗೊತ್ತಿರುತ್ತದೆ ಎಂದುಕೊಂಡು ದುರುಗವ್ವ ಸುಮ್ಮನಾದಳು.

ಸೆಪ್ಟೆಂಬರ್‌ನಲ್ಲಿ ಬೋರ್ಡುಗಳು ಶುರುವಾದವು. ಕಾಲಿಟ್ಟರೆ ಸಾಕು, ದೂರದಲ್ಲಿ ಕೆಂಪು ಹೊತ್ತುತ್ತಿತ್ತು, ಕಾರುಗಳು ವೇಗ ತಗ್ಗಿಸುತ್ತಿದ್ದವು. ದುರುಗವ್ವ ತಾನೇ ಕಟ್ಟಿದ್ದೆಂಬಂತೆ ಓಣಿಯವರಿಗೆಲ್ಲ ಅದರ ಬಗ್ಗೆ ಹೇಳಿದಳು. ನೆಗೆಣ್ಣಿ ಪಕ್ಕೀರವ್ವನಿಗಂತೂ ಕೈಹಿಡಿದು ಕರೆದೊಯ್ದು ತೋರಿಸಿದಳು. ಪಕ್ಕೀರವ್ವ ದುರುಗವ್ವನ ಗಂಡ ಬಾಲಪ್ಪನ ಅಣ್ಣನ ಹೆಂಡತಿ, ವಿಧವೆ, ಅಂಜುಬುರುಕಿ. ಎರಡೂ ಕಡೆ ಪೂರಾ ಖಾಲಿಯಾಗುವವರೆಗೆ ಅರ್ಧ ತಾಸಾದರೂ ಕಾಯುವವಳು.

“ಯಕ್ಕಾ, ಇನ್ನ ಅಂಜಬ್ಯಾಡ. ಅದು ನಮ್ಮನ್ನ ನೋಡತೈತಿ,” ಎಂದಿದ್ದಳು ದುರುಗವ್ವ.

ನವೆಂಬರ್‌ನ ಒಂದು ಸಂಜೆ ಪಕ್ಕೀರವ್ವ ಹುಲ್ಲಿನ ಹೊರೆ ಹೊತ್ತು ಹೊಲದಿಂದ ಬರುತ್ತಿದ್ದಳು. ಅರ್ಧ ದಾಟಿ ಡಿವೈಡರ್ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಎದ್ದು, ಹೊರೆ ತಲೆಗೇರಿಸಿ, ಕೆಳಗಿಳಿದಳು. ಕಾರು ಬಡಿಯಿತು. ತೊಡೆಯ ಮೂಳೆ, ಸೊಂಟ ಎರಡೂ ಮುರಿದವು. ಕೊಪ್ಪಳದ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇಟ್ಟುಕೊಂಡರು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗುವುದಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಪ್ರಜ್ಞೆ ಮರಳಿದ ಮೇಲೆ ಪಕ್ಕೀರವ್ವ ಅತ್ತಿತ್ತ ನೋಡಿ, ತಲೆದಿಂಬಿನ ಹತ್ತಿರ ನಿಂತಿದ್ದ ದುರುಗವ್ವನನ್ನು ಕೇಳಿದಳು.

“ದುರುಗೀ, ಅದು ನೋಡತೈತಿ ಅಂದಿದ್ದಿಯಲ್ಲ?”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ದಾಟಬಾರದ ಜಾಗದಲ್ಲಿ ದಾಟಿದ್ದೇ ತಪ್ಪು ಎಂಬ ಮಾತು ಎಲ್ಲ ಕಡೆಯಿಂದ ಬಂತು. ಅದನ್ನು ಕೇಳಿದಾಗಲೆಲ್ಲ ದುರುಗವ್ವನಿಗೆ ಜುಲೈ ತಿಂಗಳಲ್ಲಿ ತಾನು ಹೇಳಿ ಸುಮ್ಮನಾದದ್ದು ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಬಸ್ಸು ಹತ್ತಿ ಕುಷ್ಟಗಿಯಲ್ಲಿದ್ದ ಸಂಶೋಧನೆಯವರ ಆಫೀಸಿಗೆ ಹೋದಳು. ಆ ಸಂಜೆ ಕ್ಯಾಮೆರಾ ಕಂಡದ್ದನ್ನು ತನಗೆ ತೋರಿಸಬೇಕೆಂದಳು. ಅದನ್ನು ಹೊರಗಿನವರಿಗೆ ತೋರಿಸುವಂತಿಲ್ಲ ಎಂದು ಗೋವಿಂದರಾಜ ಒಳಗೆ ಹೋದ. ದುರುಗವ್ವ ಮೆಟ್ಟಿಲ ಮೇಲೆ ಕೂತಳು. ಮಧ್ಯಾಹ್ನ ಅವನು ಊಟಕ್ಕೆ ಹೊರಟ ಮೇಲೆ ಸುಕನ್ಯಾ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಪರದೆಯಲ್ಲಿ ಪಕ್ಕೀರವ್ವ ಬಂದಳು. ಸುತ್ತ ಹಸಿರು ಚೌಕಟ್ಟು. ಡಿವೈಡರ್ ಏರಿ ಹೊರೆ ಇಳಿಸಿ ಕೂತಳು; ಚೌಕಟ್ಟು ಒಮ್ಮೆ ಅಳ್ಳಾಡಿ ಮಾಯವಾಯಿತು. ಆಮೇಲೆ ನಾಲ್ಕು ನಿಮಿಷ ಯಂತ್ರದ ಲೆಕ್ಕದಲ್ಲಿ ಅಲ್ಲಿ ಕಣಗಿಲೆ ಗಿಡ ಮತ್ತು ಹುಲ್ಲು ಮಾತ್ರ. ಬೋರ್ಡುಗಳು ಆರಿದ್ದವು. ಅವಳು ಎದ್ದಾಗ ಚೌಕಟ್ಟು ಮತ್ತೆ ಬಂತು, ಬೋರ್ಡು ಹೊತ್ತಿತು, ಆದರೆ ಕಾರು ಅಷ್ಟರಲ್ಲೇ ಬೋರ್ಡು ದಾಟಿ ಬಂದಾಗಿತ್ತು. ಅಲ್ಲಿಗೆ ಸುಕನ್ಯಾ ನಿಲ್ಲಿಸಿದಳು.

“ಎದ್ದ ಮ್ಯಾಲ ಕಂಡಾಳ. ಕುಂತಾಗ ಮನಿಷ್ಯಾಳಾಗಿರಲಿಲ್ಲೇನ್ರಿ ಮೇಡಂ?” ಎಂದಳು ದುರುಗವ್ವ.

ಸುಕನ್ಯಾ ಹಳೆಯ ನೋಟ್‌ಬುಕ್ಕು ತೆಗೆದು ಜುಲೈ ತಿಂಗಳ ಪುಟ ತೋರಿಸಿದಳು. “ನೀವು ಹೇಳಿದ್ದು ಬರಕೊಂಡೀನ್ರಿ ದುರುಗವ್ವಾರ. ಬರಕೊಂಡು ಸುಮ್ನಾದೆ. ತಪ್ಪಾತ್ರಿ.”

ದುರುಗವ್ವನಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ; ಇಬ್ಬರೂ ಒಂದೇ ತಪ್ಪು ಮಾಡಿದ್ದರು. ತಾನು ಮತ್ತೆ ಬರುತ್ತೇನೆ, ಕೂರುತ್ತೇನೆ, ಕಲಿಯುವವರೆಗೆ ಕೂರಿಸಿ ಎಂದಳು. ಕಲಿಯುವವರೆಗೆ ಆ ಬೋರ್ಡನ್ನು ಆರಿಸಿಡಿ ಎಂದೂ ಹೇಳಿದಳು. ಸುಕನ್ಯಾ ಆ ನೋಟ್‌ಬುಕ್ಕಿನ ಪುಟವನ್ನು ಕಾಲೇಜಿನ ಹಿರಿಯರಿಗೆ ನೇರವಾಗಿ ಕಳಿಸಿದಳು. ಗೋವಿಂದರಾಜ ಅವಳೊಡನೆ ಮಾತು ಬಿಟ್ಟ. ಆದರೆ ಬೋರ್ಡುಗಳು ಆರಿದವು, ಕ್ಯಾಮೆರಾಕ್ಕೆ ಮತ್ತೆ ಕಲಿಸಲು ಜನವರಿಯಲ್ಲಿ ಎಂಟು ದಿನಕ್ಕೆ ಅನುಮತಿಯೂ ಸಿಕ್ಕಿತು.

ಬೋರ್ಡು ಆರಿದ್ದ ಆ ದಿನಗಳಲ್ಲಿ ದುರುಗವ್ವ ಮನೆಮನೆಗೆ ಹೋಗಿ, ನಾನು ಹೇಳಿದ್ದು ಸುಳ್ಳಾಯಿತು, ಅದನ್ನು ನಂಬಬೇಡಿ, ಮೊದಲಿನ ಹಾಗೆಯೇ ಕಾದು ದಾಟಿ ಎಂದಳು. ಕೆಲವರು ತಲೆಯಾಡಿಸಿದರು. ಕೆಲವರು, ನಿನ್ನ ಮಾತಿನಿಂದಲೇ ಅವಳು ಹಾಸಿಗೆ ಹಿಡಿದದ್ದು ಎಂದು ಮುಖದ ಮೇಲೆಯೇ ಅಂದರು. ಜನವರಿಯ ಕೆಲಸಕ್ಕೆ ಉಳಿದ ನಾಲ್ವರಲ್ಲಿ ಯಾರೂ ಬರಲಿಲ್ಲ. ಬಾಲಪ್ಪ, ಅತ್ತಿಗೆಯ ಕಾಲು ಮುರಿದವರ ಕೂಡ ಮತ್ತೆ ಕೆಲಸಕ್ಕೆ ಹೋಗುತ್ತೀಯಾ ಎಂದು ಕೇಳಿ, ಆಮೇಲೆ ಮಾತಾಡುವುದನ್ನೇ ನಿಲ್ಲಿಸಿದ. ಅವಳು ಒಬ್ಬಳೇ ಹೋದಳು.

ಪಕ್ಕೀರವ್ವ ಬಿದ್ದ ಜಾಗದ ಪಕ್ಕದಲ್ಲೇ ಕೂರುವುದು. ಹೊರೆ ಎಡಕ್ಕಿಟ್ಟು, ಬಲಕ್ಕಿಟ್ಟು, ಮಡಿಲಲ್ಲಿಟ್ಟು. ಸೆರಗು ಹೊದ್ದು, ಮುಖ ಮುಚ್ಚಿ. ಬಿಸಿಲಲ್ಲಿ, ಮಬ್ಬಿನಲ್ಲಿ, ಗಿಡದ ನೆರಳಲ್ಲಿ. ದಿನಕ್ಕೆ ಮೂವತ್ತು ನಲವತ್ತು ಸಲ ಕೂತು ಎದ್ದು ಮಂಡಿ ಊದಿತು. ಕೂತಾಗ ಅವಳಿಗೆ ಪಕ್ಕೀರವ್ವ ಆ ನಾಲ್ಕು ನಿಮಿಷ ಏನು ಯೋಚಿಸಿರಬಹುದು ಎಂದೇ ಚಿಂತೆ. ಬಹುಶಃ ಏನೂ ಇಲ್ಲ. ಉಸಿರು ತಹಬಂದಿಗೆ ಬರಲಿ ಎಂದಷ್ಟೇ ಕಾದಿರಬೇಕು.

ಮಾರ್ಚ್‌ನಲ್ಲಿ ಬೋರ್ಡುಗಳು ಮತ್ತೆ ಶುರುವಾದವು. ಈಗ ಡಿವೈಡರ್ ಮೇಲೆ ಕೂತಿರುವಷ್ಟು ಹೊತ್ತೂ ಕೆಂಪಕ್ಷರ ಹೊತ್ತೇ ಇರುತ್ತದೆ. ಸುಕನ್ಯಾ ವರದಿಯಲ್ಲಿ ದುರುಗವ್ವನ ಹೆಸರು ಬರೆದಿದ್ದಳಂತೆ. ಅಚ್ಚಾಗುವ ಹೊತ್ತಿಗೆ ಅದು ‘ಸ್ಥಳೀಯ ಮಹಿಳೆಯೊಬ್ಬರು’ ಎಂದಾಗಿತ್ತು. ಮೇಲ್ಸೇತುವೆ ಬೇಕೆಂದು ಊರವರ ಸಹಿ ಹಾಕಿಸಿ ದುರುಗವ್ವ ಕಳಿಸಿದ ಅರ್ಜಿಗೆ ಉತ್ತರ ಬಂದಿಲ್ಲ. ಏಪ್ರಿಲ್‌ನಲ್ಲಿ ಸುಕನ್ಯಾಳನ್ನು ಬೇರೆ ಜಿಲ್ಲೆಯ ರಸ್ತೆಗೆ ಹಾಕಿದರು. ಹೋಗುವ ಮುಂಚೆ ಪಕ್ಕೀರವ್ವನ ಮನೆಗೆ ಬಂದು, ಚಹಾ ಮುಟ್ಟದೆ, ಸ್ವಲ್ಪ ಹೊತ್ತು ಕೂತು ಎದ್ದಳು.

ಜುಲೈನಲ್ಲಿ ತಾನು ಹೇಳಿದ್ದು, ಹೇಳಿ ಸುಮ್ಮನಾದದ್ದು, ಎಲ್ಲವನ್ನೂ ದುರುಗವ್ವ ನೆಗೆಣ್ಣಿಗೆ ತಿಳಿಸಿದ್ದು ಅದಾದ ಮೇಲೆ, ಒಂದು ಮಧ್ಯಾಹ್ನ. ಪಕ್ಕೀರವ್ವ ಅಂಗಳದಲ್ಲಿ ವಾಕರ್ ಹಿಡಿದು ನಿಂತು ಕೊನೆಯವರೆಗೂ ಕೇಳಿದಳು.

“ನಿನಗ ಮೊದಲ ಗೊತ್ತಿತ್ತು,” ಎಂದಳು.

“ಹೂಂ ಯಕ್ಕಾ. ಗೊತ್ತಿತ್ತು.”

ಪಕ್ಕೀರವ್ವ ಬೈಯಲಿಲ್ಲ. ವಾಕರ್ ತಿರುಗಿಸಿಕೊಂಡು ನಿಧಾನವಾಗಿ ಒಳಗೆ ಹೋದಳು. ಈಗಲೂ ದುರುಗವ್ವನೇ ದಿನಾ ಹೋಗಿ ಅವಳಿಗೆ ನೀರು ಕಾಯಿಸುತ್ತಾಳೆ, ಸೊಂಟಕ್ಕೆ ಎಣ್ಣೆ ತಿಕ್ಕುತ್ತಾಳೆ, ಅವಳ ಎಮ್ಮೆಗೂ ಹುಲ್ಲು ತರುತ್ತಾಳೆ. ಎಮ್ಮೆಯ ವಿಷಯ, ಅಡುಗೆಯ ವಿಷಯ ಇಬ್ಬರೂ ಮಾತಾಡುತ್ತಾರೆ. ಅದರಾಚೆಗೆ ಪಕ್ಕೀರವ್ವ ಅವಳನ್ನು ಏನನ್ನೂ ಕೇಳುವುದಿಲ್ಲ.