ಅಣ್ಣನಿಗೆ ಅಪ್ಪ ಮಾಡಿಕೊಟ್ಟ ಪೂಲ್ ಕೋಲು

ರಾತ್ರಿ ಎರಡು ಗಂಟೆಗೆ ಅಪ್ಪನ ಕನವರಿಕೆಗೆ ಎಚ್ಚರಾತು. ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಫೋನಿನಲ್ಲಿ ಈ ಪೋಸ್ಟ್ ಬರೆಯುತ್ತಿದ್ದೇನೆ.

ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟವನ್ನು ಅಣ್ಣ ಬೆಟಗೇರಿಯ ಪೂಲ್ ಅಂಗಡಿಯಲ್ಲಿ ಕಲಿತದ್ದು ಅಲ್ಲಿನವರು ಕೊಟ್ಟ ಸೊಟ್ಟ ಕೋಲಿನಿಂದ. ಅದು ಬಲಕ್ಕೆ ಬಾಗಿತ್ತು, ಅದಕ್ಕೇ ಅವನು ಎಡಕ್ಕೆ ಗುರಿ ಹಿಡಿಯುತ್ತಿದ್ದ. ಬಡಿಗತನ ಮಾಡುವ ಅಪ್ಪ ಒಂದು ಕಣ್ಣು ಮುಚ್ಚಿ ನೋಡಿ ನೋಡಿ, ಸಾಗವಾನಿಯಲ್ಲಿ ಅವನದೇ ಅಂತ ಒಂದು ನೆಟ್ಟನೆಯ ಕೋಲು ಮಾಡಿಕೊಟ್ಟ. ಆದರೆ ರೂಢಿಬಿದ್ದ ಕೈ ಎಡಕ್ಕೇ ಹೋಯಿತು. ಅಣ್ಣ ಪಂದ್ಯ ಸೋತ.

“ನಿನ್ನ ಕೋಲು ಸೊಟ್ಟ ಐತಿ. ಎಲ್ಲಾರ ಮುಂದ ಮಾನ ಕಳದಿ!”

“ಸೊಟ್ಟ ನಿನ್ನ ಕೈ ಐತಿ. ಮನಿ ಬಿಟ್ಟು ನಡೀಲೇ,” ಅಂದ ಅಪ್ಪ.

ಅಣ್ಣ ಖರೇನ ಹೋದ. ಅವನ ನಂಬರ್ ಕೂಡ ನಮ್ಮ ಹತ್ತಿರ ಇಲ್ಲ.

ಈಗ ಅಪ್ಪನಿಗೆ ಉಸಿರಾಡಾಕ ಆಗವಲ್ದು. “ಕೋಲು ಸೊಟ್ಟ ಇತ್ತೇನು?” ಅಂತ ಕೇಳುತ್ತಲೇ ಇದ್ದಾನೆ. ನಾನು ಇಲ್ಲ ಅಂದರೆ ನಂಬುವುದಿಲ್ಲ. ಬೆಳಗಿನತನಕ ಇರುತ್ತಾನೆ ಅಂತ ಡಾಕ್ಟರು ಭರವಸೆ ಕೊಟ್ಟಿಲ್ಲ.

ಅಣ್ಣಾ, ಇದನ್ನು ಓದಿದರೆ ಬೆಳಗಾಗೋದ್ರೊಳಗ ಫೋನ್ ಮಾಡೋ. ಕೋಲು ನೆಟ್ಟಗಿತ್ತು ಅಂತ ನೀನೇ ಹೇಳೋ. ಅಪ್ಪನ ಕಿವಿಗೆ ನಾ ಹಿಡಿತೀನಿ.